ಅಮ್ಮನ ಮೂರು ನಿಮಿಷ

ಬೀದಿಯವರು ಎದುರಿಗೆ ಅವಳನ್ನು ಅಕ್ಕಾ ಅನ್ನುತ್ತಿದ್ದರು, ಬೆನ್ನ ಹಿಂದೆ ಸಿಡುಕಕ್ಕ. ತಪ್ಪೇನಿಲ್ಲ ಬಿಡಿ. ಹಳೇ ರೇಡಿಯೋ, ರೆಕಾರ್ಡ್ ಪ್ಲೇಯರ್ ರಿಪೇರಿ ಮಾಡುವ ಅವಳ ಒಂಟಿ ಕೋಣೆಯ ಅಂಗಡಿಗೆ ಹೋಗಿ ಬೈಸಿಕೊಳ್ಳದೆ ಹೊರಬಂದವರು ಕಡಿಮೆ. "ಇದಕ್ಕೆ ಅಡುಗೆ ಎಣ್ಣೆ ಬಿಟ್ಟ ಪುಣ್ಯಾತ್ಮ ಯಾರ್ರೀ? ಮಷಿನ್ನಾ ಇದು, ಬಾಣಲೆನಾ?" ಎಂದು ಶುರು ಮಾಡಿದಳೆಂದರೆ ಮುಗಿಯಿತು. ಆದರೂ ಅವಳ ಕೈಗುಣ ಅಂಥದ್ದು, ಬೈಸಿಕೊಂಡವರೇ ಮತ್ತೆ ಹುಡುಕಿಕೊಂಡು ಬರುತ್ತಿದ್ದರು.

ಈ ಸಿಡುಕಿನ ಸಿಂಹಪಾಲು ಮಾತ್ರ ಅಣ್ಣನಿಗೆ ಮೀಸಲು. ಅಪ್ಪ ಸತ್ತಾಗ ಇಬ್ಬರೂ ಹಾವು ಮುಂಗುಸಿಗಳ ಹಾಗೆ ಕಿತ್ತಾಡಿ ಸಾಮಾನು ಹಂಚಿಕೊಂಡಿದ್ದರು. ಕೆಟ್ಟು ಕೂತಿದ್ದ ರೆಕಾರ್ಡ್ ಪ್ಲೇಯರ್ ಇವಳ ಪಾಲಿಗೆ ಬಂತು. ರೆಕಾರ್ಡುಗಳೆಲ್ಲ ಗುಜರಿಗೆ ಹೋದವು, ಒಂದನ್ನು ಬಿಟ್ಟು. ಆ ಒಂದನ್ನು ಅಣ್ಣ ಹೊಡೆದುಕೊಂಡ. ಅದು ಅಂಗಡಿಯಲ್ಲಿ ಸಿಗುವ ಮಾಲಲ್ಲ. ಅಮ್ಮ ಆಸ್ಪತ್ರೆಗೆ ಸೇರುವ ಹಿಂದಿನ ದಿನ ಸ್ಟುಡಿಯೋಗೆ ಹೋಗಿ, ಮಕ್ಕಳಿಗೆಂದು ಮೂರು ನಿಮಿಷ ಮಾತಾಡಿ, ಕಪ್ಪು ಲೇಪದ ಲೋಹದ ತಟ್ಟೆಯ ಮೇಲೆ ಕೊರೆಸಿಕೊಂಡು ಬಂದದ್ದು. ಆಸ್ಪತ್ರೆಯಿಂದ ಅವಳು ವಾಪಸು ಬರಲಿಲ್ಲ. ಅಪ್ಪ ಅದನ್ನು ಒಮ್ಮೆಯೂ ಹಾಕಲಿಲ್ಲ, ಎದೆ ಗಟ್ಟಿ ಮಾಡಿಕೊಳ್ಳಲು ಅವನಿಂದ ಆಗಲೇ ಇಲ್ಲ.

ಅಮ್ಮ ಹೋದಾಗ ಅಣ್ಣನಿಗೆ ಹತ್ತು ವರ್ಷ, ಇವಳಿಗೆ ಎರಡು. ಜಗಳ ಎಲ್ಲಿಂದ ಶುರುವಾದರೂ ಅಣ್ಣ ಕೊನೆಗೆ ಅಲ್ಲಿಗೇ ತಂದು ನಿಲ್ಲಿಸುತ್ತಿದ್ದ. "ಅಮ್ಮನ ದನಿ ಹೆಂಗಿತ್ತು ಅಂತ ನಿಂಗೇನೇ ಗೊತ್ತು? ತೊಟ್ಟಿಲಲ್ಲಿದ್ದೋಳು ನೀನು." ಐವತ್ತಾರು ವರ್ಷ ಇದನ್ನು ಕೇಳಿ ಅವಳ ಹೊಟ್ಟೆ ಉರಿದುಹೋಗಿತ್ತು. ಒಂದೇ ಒಂದು ಸಲ ಆ ದನಿ ಕಿವಿಗೆ ಬಿದ್ದರೆ ಸಾಕಿತ್ತು, ಬೇರೇನೂ ಬೇಡವಾಗಿತ್ತು ಅವಳಿಗೆ.

ಕೊನೆಗೊಂದು ದಿನ ಅಣ್ಣನೇ ಫೋನ್ ಮಾಡಿದ. ರೆಕಾರ್ಡಿನ ಲೇಪ ಬಿರುಕು ಬಿಡುತ್ತಿದೆಯಂತೆ. ತರುತ್ತೇನೆ, ಆದರೆ ನನ್ನೆದುರಿಗೇ ಹಾಕಬೇಕು, ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಬಾರದು ಅಂದ. "ಒಂದ್ಸಲ ತುಂಬಿಸ್ಕೊಂಡ್ಬಿಟ್ರೆ ಆಮೇಲೆ ನನ್ ಮುಖಾನೂ ನೋಡಲ್ಲ ನೀನು." ಅದು ನಿಜವೇ. ಅವಳು ಹಲ್ಲು ಕಚ್ಚಿ ಒಪ್ಪಿಕೊಂಡಳು.

ಎರಡು ತಿಂಗಳು ಅಪ್ಪನ ಪ್ಲೇಯರ್ ಬಿಟ್ಟು ಬೇರೆ ಯಾರ ಕೆಲಸವನ್ನೂ ಮುಟ್ಟಲಿಲ್ಲ. ರೆಕಾರ್ಡ್ ಕೂರುವ ತಿರುಗಣೆಯ ನಡುಗೂಟದ ಎಣ್ಣೆ ಗೋಂದಾಗಿತ್ತು, ಸೀಮೆಎಣ್ಣೆಯಲ್ಲಿ ಅದ್ದಿ ಅದ್ದಿ ತೊಳೆದಳು. ತಿರುಗಣೆಯನ್ನು ಓಡಿಸುವ ರಬ್ಬರ್ ಚಕ್ರ ಕಲ್ಲಾಗಿತ್ತು. ಬಿಡಿಭಾಗದ ಅಂಗಡಿಯವನು ಕೊಟ್ಟ ಮೊದಲನೆಯದು ಗರಗರ ಅಂತು, ಎರಡನೆಯದು ಜಾರಿತು. ಎರಡನ್ನೂ ಅವನ ಗಲ್ಲಾದ ಮೇಲೆ ಎಸೆದು, ಕಪಾಟು ತಾನೇ ಜಾಲಾಡಿ ಮೂರನೆಯದನ್ನು ತಂದಳು. ಕೊನೆಗೆ ಉಳಿದದ್ದು ಮುಳ್ಳು ಕೂರುವ ತಲೆ. ಅಪ್ಪನ ಕಾಲದ್ದೇ ಇರಲಿ ಎಂದು ಅಣ್ಣನ ಹಟ. "ಅದು ಸುತ್ತಿಗೆ ಇದ್ದಂಗಿದೆ ಕಣೋ, ಒಂದೇ ಸುತ್ತಲ್ಲಿ ಅಮ್ಮನ್ನ ಹೆರೆದುಹಾಕತ್ತೆ!" ಎಂದು ಫೋನ್ ಕುಕ್ಕಿದಳು. ಹಳೇ ರೆಕಾರ್ಡಿನ ಗೀರುಗಳು ಅಗಲ, ಅದಕ್ಕೆ ಅಗಲ ತುದಿಯ ಮುಳ್ಳು, ಅದನ್ನು ಹೊರಲು ಹಗುರವಾದ ಹೊಸ ತಲೆ, ಅಷ್ಟನ್ನೂ ದೂರದ ಊರಿನಿಂದ ತರಿಸಿದಳು. ಪುಟ್ಟ ತಕ್ಕಡಿಯಲ್ಲಿ ತೂಗಿ ತೂಗಿ, ಮುಳ್ಳು ಗೀರಿನಲ್ಲಿ ನಿಲ್ಲಲು ಎಷ್ಟು ಬೇಕೋ ಅಷ್ಟೇ ಭಾರ ಇಟ್ಟಳು.

ಭಾನುವಾರ ಬೆಳಿಗ್ಗೆ ಅಣ್ಣ ಬಂದ, ಜೊತೆಗೆ ಅತ್ತಿಗೆ. "ಇವ್ರನ್ಯಾಕೆ ಕರ್ಕೊಂಬಂದೆ?" ಎಂದು ಇವಳು ಅಣ್ಣನನ್ನು ಕೇಳಿದಳು. ಆಮೇಲೆ ಅತ್ತಿಗೆಯ ಕಡೆ ತಿರುಗಿ, "ನಮ್ಮಮ್ಮನ ವಿಷಯ ಇದು, ನೀವು ಬಾಯಿ ಹಾಕ್ಬೇಡಿ" ಅಂದಳು. ಅತ್ತಿಗೆ ಬಾಗಿಲ ಹತ್ತಿರದ ಸ್ಟೂಲಿನ ಮೇಲೆ ಚೀಲವನ್ನು ತೊಡೆಯಲ್ಲಿಟ್ಟುಕೊಂಡು ಕೂತಳು.

ಅಣ್ಣ ತಂದ ರೆಕಾರ್ಡನ್ನು ತಿರುಗಣೆಗೆ ಹಾಕಿ ಇವಳು ಮುಳ್ಳು ಇಳಿಸಿದಳು. ಸರಸರ ಸದ್ದು, ಒಂದು ಕೆಮ್ಮು. ಅಷ್ಟರಲ್ಲಿ ಬಿರುಕಿಗೆ ತಗಲಿ ಮುಳ್ಳು ಹಾರಿತು. ಮತ್ತೆ ಹಾರಿತು. ಅವಳು ಮುಳ್ಳು ಹೊತ್ತ ತೋಳಿಗೆ ಕೈ ಚಾಚುವುದರೊಳಗೆ ಅಣ್ಣ ಜೇಬಿನಿಂದ ನಾಣ್ಯವೊಂದನ್ನು ತೆಗೆದು ಮುಳ್ಳಿನ ತಲೆಯ ಮೇಲೆ ಭಾರಕ್ಕೆಂದು ಇಟ್ಟೇಬಿಟ್ಟ. ಅಪ್ಪ ಹಾಗೇ ಮಾಡುತ್ತಿದ್ದನಂತೆ.

"ಅಯ್ಯೋ ಪಾಪಿ, ತೆಗಿ! ಲೇಪ ಕಿತ್ಕೊಂಡ್ ಬರತ್ತೆ!"

"ಮುಟ್ಬೇಡ! ಈಗ ಸರಿಯಾಗಿ ಓಡ್ತಿದೆ!" ಅಣ್ಣ ಅವಳ ಮಣಿಕಟ್ಟು ಹಿಡಿದುಕೊಂಡ.

"ಬಿಡೋ ಕೈ! ನಿಂಗೇನೋ ಗೊತ್ತು ಮಷಿನ್ ವಿಷಯ?"

"ನಿಂಗೇನೇ ಗೊತ್ತು ಅಮ್ಮನ ವಿಷಯ?"

ಇನ್ನೇನು, ಹಳೆಯದೆಲ್ಲ ಹೊರಬಿತ್ತು. ಅಪ್ಪನ ಔಷಧಿ, ತಿಥಿಗೆ ಬಾರದಿದ್ದದ್ದು, ಮುರಿದ ಮದುವೆ ಮಾತು. ಇಬ್ಬರ ಕುತ್ತಿಗೆಯ ನರಗಳೂ ಉಬ್ಬಿದ್ದವು. ಪಕ್ಕದ ಅಂಗಡಿಯವನು ಇಣುಕಿ ಹೋದ. ಅವಳು ಕೈ ಕೊಸರಿಕೊಂಡು ತಿರುಗುವ ಹೊತ್ತಿಗೆ ತೋಳು ಒಳಗಿನ ಕೊನೆಯ ಸುತ್ತಿನಲ್ಲಿ ಟಕ್ ಟಕ್ ಅನ್ನುತ್ತಿತ್ತು. ಮುಳ್ಳಿನ ಸುತ್ತ ಕೂದಲಿನಂಥ ಕಪ್ಪು ಎಳೆಗಳು ಸುರುಳಿಯಾಗಿ ಬಿದ್ದಿದ್ದವು.

ನಾಣ್ಯ ಕಿತ್ತೆಸೆದು ಅವಳು ಮತ್ತೆ ಮೊದಲಿನಿಂದ ಹಾಕಿದಳು. ಬರೀ ಸರಸರ. ಕೊನೆಯವರೆಗೂ ಕಾದಳು. ಅಣ್ಣನೂ ಕಾದ. ಆಮೇಲೆ ಅವನು ಬೆಂಚಿನ ಮೇಲೆ ಕುಸಿದು ಮುಖ ಮುಚ್ಚಿಕೊಂಡ. ಅವನ ಅಳು ಕಂಡು ಅವಳಿಗೆ ಕರುಣೆ ಬರಲಿಲ್ಲ, ಕೊಂದುಹಾಕುವಷ್ಟು ಸಿಟ್ಟು ಬಂತು.

ಆಗಲೇ ಅವಳಿಗೆ ಹೊಳೆದದ್ದು, ಜಗಳದಲ್ಲಿ ಬಾಯಿ ಹಾಕದೆ ಕೂತಿದ್ದವಳು ಇಲ್ಲೊಬ್ಬಳಿದ್ದಾಳೆ.

"ಅತ್ತಿಗೆ, ನೀವು ಕೇಳಿಸ್ಕೊಂಡ್ರಾ? ಏನಂದ್ರು ಅಂತ ಬೇಡ. ದನಿ... ದನಿ ಹೆಂಗಿತ್ತು, ಅಷ್ಟು ಹೇಳಿ ಸಾಕು."

ಇಷ್ಟು ವರ್ಷಗಳಲ್ಲಿ ಅವಳು ಅತ್ತಿಗೆಯನ್ನು ಏನನ್ನಾದರೂ ಬೇಡಿದ್ದು ಇದೇ ಮೊದಲು. ಅತ್ತಿಗೆ ಎದ್ದು ಚೀಲವನ್ನು ಹೆಗಲಿಗೆ ಹಾಕಿಕೊಂಡಳು.

"ನಿಂದೇ ದನಿ," ಅಂದಳು. "ಥೇಟ್ ನಿಂದೇ. ನೀನು ಕಿರುಚ್ತಾ ಇದ್ಯಲ್ಲ, ಅದ್ರಲ್ಲಿ ಯಾವ್ದು ಅವರ್ದು ಯಾವ್ದು ನಿಂದು ಅಂತ ನಂಗೆ ಗೊತ್ತಾಗ್ಲಿಲ್ಲ."

ಬೈಯಲೆಂದು ಬಾಯಿ ತೆರೆದವಳು ಮೊದಲ ಮಾತಿಗೇ ನಿಲ್ಲಿಸಿ ತನ್ನ ದನಿಗೆ ತಾನೇ ಕಿವಿಗೊಟ್ಟಳು.