ಊಟಕ್ಕೆ ಎಷ್ಟು ಜನ?

ಪುತ್ತೂರಿನ ಮೂಕಾಂಬಿಕಾ ಬಹಳ ವರ್ಷ ಮಕ್ಕಳಿಗೆ ಗಣಿತದ ಟ್ಯೂಷನ್ ಹೇಳಿದವರು. ಅಡುಗೆ ವೃತ್ತಿಯ ಅಪ್ಪನಿಗೆ ಮೊಣಕಾಲು ಕೈಕೊಟ್ಟಾಗ ತಾವೇ ಸೌಟು ಹಿಡಿದರು. ಮೊದಲ ವರ್ಷವೇ ಸುಳ್ಯದ ಒಂದು ಮದುವೆಯಲ್ಲಿ, ಹಿಂದಿನ ಮದುವೆಗಳ ಸರಾಸರಿಯನ್ನೇ ನಂಬಿ ಅಕ್ಕಿ ಹಾಕಿದ್ದರು. ಕೊನೆಯ ಪಂಕ್ತಿಗೆ ಅನ್ನ ಮುಗಿಯಿತು. ಖಾಲಿ ಎಲೆಯ ಮುಂದಿನಿಂದ ಅಜ್ಜಿಯೊಬ್ಬರು ಎದ್ದುಹೋದರು. ಅಂದಿನಿಂದ ಮದುವೆಯ ದಿನ ಮೂಕಾಂಬಿಕಾಗೆ ಕೂತಲ್ಲಿ ಕೂರಲಾಗುವುದಿಲ್ಲ.

ಕಳೆದ ಏಪ್ರಿಲಿನಲ್ಲಿ ಕಾಣಿಯೂರಿನಲ್ಲಿ ದುಗ್ಗಪ್ಪ ಗೌಡರ ಮಗಳ ಮದುವೆ. ತಿಂಡಿಗೆ ಬಂದವರ ನಾಲ್ಕು ಪಟ್ಟು ಜನ ಊಟಕ್ಕೆ ಬರುತ್ತಾರೆ ಎಂಬುದು ಮೂಕಾಂಬಿಕಾ ಅನುಭವದಿಂದ ಕಂಡುಕೊಂಡಿದ್ದ ಲೆಕ್ಕ. ಅಂದು ತಿಂಡಿ ತಿಂದವರು ನೂರಹತ್ತು.

“ಹಾಗಾದ್ರೆ ನಾನೂರ ನಲವತ್ತು. ಅಷ್ಟಕ್ಕೇ ಅಕ್ಕಿ ಹಾಕಿ,” ಎಂದರು ದುಗ್ಗಪ್ಪ. ಉಳಿದ ಅನ್ನವನ್ನು ಗುಂಡಿಗೆ ಸುರಿಯುವುದನ್ನು ಕಂಡರೆ ಅವರಿಗೆ ಸಂಕಟ.

ಮೂಕಾಂಬಿಕಾ ಒಲೆಯವರೆಗೆ ಹೋಗಿ ಮರಳಿ ಬಂದರು. ಹಂಡೆಯ ನೀರು ಕುದಿಯತೊಡಗಿತ್ತು.

“ತಿಂಡಿ ತಿಂದವರಲ್ಲಿ ಗಂಡಿನ ಕಡೆಯವರು ಎಷ್ಟು ಜನ?”

“ಮದುಮಗನ ಜೊತೆ ಬಂದ ಹತ್ತು ಜನ. ಜಾಲ್ಸೂರಿನ ಆಚೆ ಲಾರಿ ಮಗುಚಿದೆಯಂತೆ. ಉಳಿದವರ ಬಸ್ಸು ಅಲ್ಲೇ ಬಾಕಿ.”

“ಮತ್ತೆ ಅವರನ್ನು ನಾಲ್ಕರಿಂದ ಗುಣಿಸುದು ಹೇಗೆ ಮಾರಾಯ್ರೆ? ನಿಮ್ಮ ಕಡೆಯ ನೂರು ಜನಕ್ಕೆ ನಾನೂರು, ಸರಿ. ಅವರ ಕಡೆಯವರು ತಿಂಡಿಗೇ ಮುಟ್ಟಲಿಲ್ಲ, ಅವರ ಲೆಕ್ಕ ಬೇರೆಯೇ ಉಂಟು.”

ಮದುಮಗನ ಸೋದರಮಾವ ಬಸ್ಸಿನಲ್ಲಿದ್ದರು; ಮೂಕಾಂಬಿಕಾ ಅವರಿಗೆ ಫೋನು ಮಾಡಿದರು. ಆರು ಬಸ್ಸು. ಒಂದೊಂದರಲ್ಲಿ ಎಷ್ಟು ಜನ?

“ಈ ಬಿಸಿಲಲ್ಲಿ ಎಂತ ಎಣಿಸುದು! ನಮ್ಮದರಲ್ಲಿ ಮೂವತ್ತೆಂಟು, ಹಿಂದಿನದರಲ್ಲಿ ನಲವತ್ತಾರು.”

ಬಸ್ಸಿಗೆ ಸರಾಸರಿ ನಲವತ್ತೆರಡು; ಆರಕ್ಕೆ ಇನ್ನೂರ ಐವತ್ತೆರಡು. ಬಂದಿರುವ ಹತ್ತು ಜನರೂ ಸೇರಿ ಒಟ್ಟು ಆರುನೂರ ಅರವತ್ತೆರಡು.

“ಅವರು ಅರ್ಧದಿಂದ ವಾಪಸ್ ಹೋದ್ರೆ?” ದುಗ್ಗಪ್ಪ ಕೇಳಿದರು.

“ಹೋಗ್ಲಿಕ್ಕೂ ಸಾಕು, ಹೇಳ್ಲಿಕ್ಕೆ ಆಗುದಿಲ್ಲ. ಬಂದ್ರೆ ಎಂತ ಮಾಡುದು?”

ಅಷ್ಟೂ ಜನರ ಅಕ್ಕಿ ಹಂಡೆಗೆ ಬಿತ್ತು.

ಮೊದಲ ಪಂಕ್ತಿ ಎದ್ದಿತು, ಎರಡನೆಯದೂ ಎದ್ದಿತು. ಬಸ್ಸಿನ ಸುಳಿವಿಲ್ಲ. ಬಾಳೆಲೆ ಮುಚ್ಚಿದ ಅನ್ನದ ರಾಶಿಯನ್ನು ದುಗ್ಗಪ್ಪ ಒಮ್ಮೆ ನೋಡಿ ಹೋದರು. ಮೂಕಾಂಬಿಕಾ ಗೇಟಿಗೂ ಅಡುಗೆಮನೆಗೂ ನಡೆದೇ ನಡೆದರು. ಎರಡೇ ಬಸ್ಸಿನ ಸರಾಸರಿ, ಅದನ್ನು ಎಷ್ಟು ನಂಬುವುದು?

ಎರಡು ಗಂಟೆ ದಾಟಿದ ಮೇಲೆ ಹಾರ್ನ್ ಕೇಳಿತು. ಆರೂ ಬಸ್ಸು ಬಂದವು. ಹಸಿದವರೆಲ್ಲ ಉಂಡೆದ್ದ ಮೇಲೂ ಒಂದು ಬುಟ್ಟಿ ಅನ್ನ ಉಳಿದಿತ್ತು. ಮುಗಿದದ್ದು ಮಜ್ಜಿಗೆ. ಬಿಸಿಲಲ್ಲಿ ಬೆಂದವರಿಗೆ ಒಂದು ಲೋಟ ಎಲ್ಲಿ ಸಾಕು?

ದುಗ್ಗಪ್ಪ ತಾವೇ ಎಲೆ ಹಾಕಿದರು. “ಇನ್ನಾದ್ರೂ ಕೂತು ಉಣ್ಣಿ ಅಕ್ಕ.”

ಮೂಕಾಂಬಿಕಾ ಕೂತು ಎರಡು ತುತ್ತು ಉಂಡರು. ಮತ್ತೆ ಎದ್ದು, ಕೈ ತೊಳೆಯುತ್ತಿದ್ದ ನೆಂಟರೊಬ್ಬರ ಬಳಿ ಹೋದರು.

“ಮಜ್ಜಿಗೆ ಎಷ್ಟು ಲೋಟ ಆಗಿದ್ರೆ ನಿಮಗೆ ಸಾಕಾಗ್ತಿತ್ತು?”