ಎದುರು ಮಾತಾಡದ ಮೆಷಿನ್

ಚಿಕ್ಕಪ್ಪ ಕೆಲಸದಿಂದ ನಿವೃತ್ತನಾಗುತ್ತಿದ್ದಾನೆ, ಅವನ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆದುಕೊಡಿ ಎಂದು ಶಾಲು ಕಾರ್ಖಾನೆಯವರು ನನ್ನನ್ನೇ ಕೇಳಿದ್ದಾರೆ. ಬರೆಯಲು ಕೂತರೆ ಮೈ ಉರಿಯುತ್ತದೆ.

ಕಾರ್ಖಾನೆಯ ಹಳೆಯ ಕಂಪ್ಯೂಟರು ಅವನ ಕೈಯಲ್ಲಿತ್ತು. ಕಪ್ಪು ಪರದೆ, ಅದರ ಮೇಲೆ ಮಿಣುಕುವ ಒಂದು ಗೆರೆ. ಮೌಸ್ ಇಲ್ಲ, ಒತ್ತಲು ಚಿತ್ರದ ಗುಂಡಿಗಳಿಲ್ಲ. ಏನು ಬೇಕಾದರೂ ಟೈಪ್ ಮಾಡಿಯೇ ಹೇಳಬೇಕು. ಒಂದು ಸಲಕ್ಕೆ ಒಂದೇ ಕೆಲಸ. ಆದರೆ ಅದು ಕೆಟ್ಟು ನಿಂತದ್ದು ಯಾರಿಗೂ ನೆನಪಿಲ್ಲ. “ಎದುರು ಮಾತಾಡಲ್ಲ, ಹೇಳಿದ್ದು ಮಾಡುತ್ತೆ. ಮನೇಲೂ ಹೀಗೇ ಇದ್ದಿದ್ರೆ ಎಷ್ಟು ಚೆನ್ನಾಗಿತ್ತು,” ಎಂದು ಚಿಕ್ಕಮ್ಮನ ಮುಂದೆಯೇ ಹಲ್ಲು ಕಿರಿಯುತ್ತಿದ್ದ. ಥೂ, ಆ ನಗು ನೆನೆದರೆ ಈಗಲೂ ವಾಕರಿಕೆ ಬರುತ್ತದೆ.

ಚಿಕ್ಕಮ್ಮ ಅದೇ ಕಂಪ್ಯೂಟರಿನಲ್ಲಿ ಶಾಲುಗಳ ವಿನ್ಯಾಸ ಮಾಡುತ್ತಿದ್ದಳು. ಕಣ್ಣು ಮಂಜಾಗುತ್ತ ಬಂದಿತ್ತು; ಇನ್ನು ಸೂಕ್ಷ್ಮ ಕೆಲಸ ಆಗದು ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಕೊನೆಯದಾಗಿ ಒಂದು ಶಾಲು ಮಾಡಿಯೇ ಬಿಡುತ್ತೇನೆಂದು ಹಠ ಹಿಡಿದು, ಪರದೆಗೆ ಮೂಗು ತಾಗುವಷ್ಟು ಬಾಗಿ, ಹಾರುವ ಕೊಕ್ಕರೆಗಳನ್ನು ಚುಕ್ಕಿ ಚುಕ್ಕಿಯಾಗಿ ತುಂಬಿಸಿದಳು. ಮಗ್ಗಕ್ಕೆ ಏರುವುದೊಂದೇ ಬಾಕಿ ಇತ್ತು.

“ರೀ, ಇದರದ್ದೊಂದು ನಕಲು ಫ್ಲಾಪಿಗೆ ಹಾಕ್ಕೊಡಿ,” ಎಂದು ಕೇಳಿದಳು.

“ಯಾಕೆ? ನನ್ನ ಮೆಷಿನ್ ಯಾವತ್ತಾದ್ರೂ ಕೈಕೊಟ್ಟಿದೆಯಾ?”

ಫ್ಲಾಪಿ ಡಬ್ಬಿಯ ಬೀಗದಕೈ ಅವನ ಜೇಬಿನಿಂದ ಹೊರಗೆ ಬರಲಿಲ್ಲ.

ಆ ಮೆಷಿನ್ನಿನ ಹೊಟ್ಟೆ ಚಿಕ್ಕದು. ತುಂಬಿದಾಗ ಹಳೆಯ ವಿನ್ಯಾಸಗಳನ್ನು ಅಳಿಸುವುದು ಚಿಕ್ಕಪ್ಪನ ಕೆಲಸ. ಒಳಗೇನಿದೆ ತೋರಿಸು ಎಂದರೆ ಹೆಸರುಗಳು ಸರಸರನೆ ಮೇಲಕ್ಕೋಡಿ ಮಾಯವಾಗುತ್ತವೆ, ಕೊನೆಯ ಕೆಲವು ಮಾತ್ರ ಪರದೆಯಲ್ಲಿ ಉಳಿಯುತ್ತವೆ. ತಡೆತಡೆದು ನೋಡುವ ದಾರಿಯೂ ಇತ್ತು. ಅದೆಲ್ಲ ಹೊಸಬರಿಗೆ ಎಂಬ ಜಂಬ ಇವನಿಗೆ. ಮರುದಿನ ಮೆಷಿನ್ ತುಂಬಿತ್ತು; ಪರದೆಯಲ್ಲಿ ಉಳಿದ ಹೆಸರುಗಳೆಲ್ಲ ಹಳೆಯ ವಿನ್ಯಾಸಗಳವೇ ಆಗಿದ್ದವು. ಎಲ್ಲವನ್ನೂ ಅಳಿಸು ಎಂದು ಆಜ್ಞೆ ಕೊಟ್ಟ. ಯಾಕೆ, ಏನು ಎಂದು ಮೆಷಿನ್ ಕೇಳಲಿಲ್ಲ. ಮೇಲೆ ಓಡಿಹೋದ ಹೆಸರುಗಳಲ್ಲಿ ಚಿಕ್ಕಮ್ಮನ ಶಾಲೂ ಇತ್ತು.

ಚಿಕ್ಕಮ್ಮ ಹುಡುಕಿದಳು. ಕನ್ನಡಕ ಒರೆಸಿಕೊಂಡು ಮತ್ತೆ ಹುಡುಕಿದಳು. ತಪ್ಪಾಯ್ತು ಅನ್ನಲು ಆ ನಾಚಿಕೆಗೆಟ್ಟವನಿಗೆ ನಾಲಿಗೆ ಹೊರಳಲಿಲ್ಲ. ಏನೇನೋ ಟೈಪ್ ಮಾಡಿ, ಮೆಷಿನ್ ಸರಿಯಾಗಿ ಓಡುತ್ತಿದೆಯೇ ಎಂದು ನೋಡಿ, ನೆಮ್ಮದಿಯ ಉಸಿರು ಬಿಟ್ಟ.

“ಮೆಷಿನ್‌ಗೆ ಏನೂ ಆಗಿಲ್ಲ ಕಣೇ. ಇನ್ನೊಂದ್ಸಲ ಮಾಡಿದ್ರಾಯ್ತು.”

ಚಿಕ್ಕಮ್ಮ ಅವನ ದನಿ ಬಂದ ಕಡೆ ತಿರುಗಿ, “ಯಾವ ಕಣ್ಣಲ್ಲಿ ಮಾಡ್ಲಿ, ಹೇಳಿ,” ಎಂದಳು.