ಆರನೆಯ ಬೆಂಕಿಗೆ ಹಚ್ಚಿದ ವಿಭೂತಿ

ನನಗೆ ಮೂಗಿನ ತುದಿಯಲ್ಲೇ ಕೋಪ. ತಿದ್ದಿ ತಿದ್ದಿ ಅಮ್ಮನಿಗೆ ಸಾಕಾಗಿತ್ತು. ಮೈಸೂರಿನಿಂದ ತೆಲುಗು ಸೀಮೆಗೆ ಬಂದು ಪಟಾನ್‌ಚೆರುವಿನ ಶೆಡ್ಡಿನಲ್ಲಿ ಇಂಜಿನಿಯರ್ ಆಗಿ ಸೇರಿದ ಎರಡೇ ತಿಂಗಳಲ್ಲಿ ಅಲ್ಲಿಯವರಿಗೂ ಅದು ಗೊತ್ತಾಯಿತು. ಆದರೆ ಆ ಕೋಪಕ್ಕೆ ನಾನು ನಿಜವಾಗಿ ನಾಚಿದ್ದು ಒಂದೇ ಸಲ, ಒಂದು ಚಿಟಿಕೆ ವಿಭೂತಿಯ ವಿಷಯದಲ್ಲಿ.

ನಾವು ಇದ್ದದ್ದು ಹತ್ತು ಹನ್ನೊಂದು ಜನ. ಔಷಧಿ ಕಾರ್ಖಾನೆಗಳ ಹಿಂದೆ ಒಂದು ತಗಡಿನ ಶೆಡ್ಡು. ಅಲ್ಲಿ ಮಾಡುತ್ತಿದ್ದದ್ದು ಸೈನ್ಯಕ್ಕೆ ಬೇಕಾದ ಆಕಾಶನೌಕೆಯ ಮೈಗೆ ಅಂಟಿಸುವ ಕರಿ ಟೈಲು. ಒಳಗೆ ಮನುಷ್ಯರಿಲ್ಲದ ಆ ನೌಕೆ ರಾಕೆಟ್ಟಿನ ತಲೆಯ ಮೇಲೆ ಕೂತು ಹೋಗಬೇಕು, ತಿಂಗಳುಗಟ್ಟಲೆ ಮೇಲಿನಿಂದ ಗಡಿ ಕಾಯಬೇಕು, ವಿಮಾನದ ಹಾಗೆ ರನ್‌ವೇಗೆ ಇಳಿದು ಮತ್ತೆ ಹೋಗಬೇಕು. ಉಂಡು ಬಿಸಾಡುವ ಎಲೆ ಅಲ್ಲಮ್ಮ, ತೊಳೆದು ಮತ್ತೆ ಬಡಿಸುವ ತಟ್ಟೆ ಎಂದು ಅಮ್ಮನಿಗೆ ಫೋನಿನಲ್ಲಿ ವಿವರಿಸಿದ್ದೆ.

ನೌಕೆ ಇನ್ನೂ ಕಾಗದದ ಮೇಲೇ ಇತ್ತು. ಇಂಥದ್ದಕ್ಕೆ ದುಡ್ಡು ಕೊಡುವವರು ಒಂದೇ ಸಲ ಕೊಡುವುದಿಲ್ಲ. ಒಂದು ಹಂತ ಮುಗಿಸಿ ತೋರಿಸಿದರೆ ಮುಂದಿನದು. ನಮ್ಮ ಹಂತ ಇಷ್ಟೇ: ನೌಕೆ ಇಳಿಯುವಾಗ ಬೀಳುವಂಥ ಬೆಂಕಿಯನ್ನು ಒಂದೇ ಟೈಲು ಆರು ಸಲ ತಡೆಯಬೇಕು. ತಡೆಯದಿದ್ದರೆ ಶೆಡ್ಡಿಗೆ ಬೀಗ ಎಂದು ಯಜಮಾನರು ತೆಲುಗಿನಲ್ಲೊಮ್ಮೆ, ಹಿಂದಿಯಲ್ಲೊಮ್ಮೆ ಹೇಳಿದ್ದರು.

ಟೈಲಿಗೆ ಕೊನೆಯ ನಯ ಕೊಡುತ್ತಿದ್ದವರು ಕಲಬುರಗಿ ಕಡೆಯ ಒಬ್ಬ ಅಕ್ಕ. ಹಿಂದೆ ತಾಂಡೂರಿನಲ್ಲಿ ನೆಲಕ್ಕೆ ಹಾಸುವ ಕಲ್ಲು ತಿಕ್ಕಿ ಪಳಗಿದ ಕೈ. ಮಿಷನ್ನಿಗೆ ಸಿಗದ ಏರುತಗ್ಗು ಕೈಗವಸಿನೊಳಗಿನ ಅವರ ಹೆಬ್ಬೆರಳಿಗೆ ಸಿಗುತ್ತಿತ್ತು. ಟೈಲನ್ನು ಅವರು ಊರಿನ ಮಾತಿನಲ್ಲಿ ಫರ್ಸಿ ಎಂದೇ ಕರೆಯುವರು. "ಇಷ್ಟು ಹಗುರ ಫರ್ಸಿ ನಮ್ಮಪ್ಪನೂ ನೋಡಿಲ್ರಿ ಮೇಡಂ" ಎಂದು ದಿನಕ್ಕೊಮ್ಮೆಯಾದರೂ ಹೇಳುವರು.

ಟೈಲು ಐದು ಬೆಂಕಿ ದಾಟಿತು. ಆರನೆಯ ಬೆಂಕಿ ಮುಗಿದು ಅದನ್ನು ಕುಲುಮೆಯಿಂದ ತೆಗೆದಾಗ ಕರಿ ಮೈಯ ಮೇಲೆ ಒರಟಾದ ಮೂರು ಬಿಳಿ ಗೆರೆಗಳಿದ್ದವು. ಅವು ಏನೆಂದು ಯಾರನ್ನೂ ಕೇಳಬೇಕಾಗಿರಲಿಲ್ಲ. ಅವನ್ನು ದಿನಾ ಬೆಳಿಗ್ಗೆ ಅಕ್ಕನ ಹಣೆಯಲ್ಲಿ ನೋಡುತ್ತಿದ್ದೆ. ಬೂದಿಯ ಕ್ಷಾರ ಆ ಬಿಸಿಗೆ ಟೈಲಿನ ಗಾಜಿನ ಲೇಪವನ್ನು ತಿನ್ನುತ್ತದೆ.

"ತಲೆ ನೆಟ್ಟಗಿದೆಯಾ ನಿಮಗೆ? ಇದೇನು ಗುಡಿಯಾ?" ಎಂದು ಎಲ್ಲರೆದುರು ಕೂಗಿದೆ.

"ಕಡೀ ಸಲ ಹೊಂಟಿತ್ತಲ್ರಿ, ಅದಕ್ಕ ಹಚ್ಚಿದೆ" ಎಂದರು ಅಕ್ಕ, ಮೆಲ್ಲಗೆ. "ಮನ್ಯಾಗಿಂದ ಯಾರು ಹೊಂಟ್ರೂ ಹಚ್ಚತೀವ್ರಿ. ಹೋದವರು ಹೊಳ್ಳಿ ಬರಬೇಕಲ್ರಿ."

"ನಿಮ್ಮ ಭಕ್ತಿಯಿಂದ ಎಲ್ಲರ ಅನ್ನಕ್ಕೆ ಕಲ್ಲು ಬಿತ್ತು!"

ಅಕ್ಕ ಊಟದ ಡಬ್ಬಿ ಎತ್ತಿಕೊಂಡು ಬಸ್ ಸ್ಟಾಪಿಗೆ ಹೋದರು. ಮಾರನೆಯ ದಿನ ಬರಲಿಲ್ಲ.

ಆ ದಿನವೇ ನಾನು ಪರೀಕ್ಷೆಯ ಪುಸ್ತಕ ತೆರೆದದ್ದು. ಕುಲುಮೆಗೆ ಇಡುವ ಮುಂಚೆ ಟೈಲಿಟ್ಟ ಟ್ರೇಯ ಮುಚ್ಚಳ ತೆಗೆದು, ಟಾರ್ಚ್ ಬಿಟ್ಟು ನೋಡಿ, ಸಹಿ ಮಾಡಬೇಕಾದವಳು ನಾನು. ಸಹಿ ಇತ್ತು. ನೋಡಿರಲಿಲ್ಲ. ಗ್ಯಾಸ್ ಸಿಲಿಂಡರ್ ತರುವವನನ್ನು ಫೋನಿನಲ್ಲಿ ಬೈಯುತ್ತಲೇ ಗೀಚಿದ್ದೆ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅನ್ನುತ್ತಾರಲ್ಲ, ಇಲ್ಲಿ ಅತ್ತೆಯೂ ನಾನೇ ಆಗಿದ್ದೆ.

ಪರಿಶೀಲನೆಗೆ ಒಂದೇ ದಿನ ಉಳಿದಿತ್ತು, ಇನ್ನೊಮ್ಮೆ ಸುಡಲು ಹೊತ್ತಿರಲಿಲ್ಲ. ಯಜಮಾನರು ಐದು ಬೆಂಕಿ ಕಂಡ ಇನ್ನೊಂದು ಟೈಲನ್ನು ತಂದು, "ಇದನ್ನೇ ಆರು ಅಂತ ಇಡಮ್ಮಾ, ಪರ್ವಾಲೇದು" ಎಂದರು. ನನಗೂ ಆಸೆಯಾಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಇಂಥ ಸಹಿಯನ್ನು ಎರಡನೆಯ ಸಲ ಮಾಡಲು ಕೈ ಬರಲಿಲ್ಲ.

ದುಡ್ಡು ಕೊಡುವವರ ಕಡೆಯಿಂದ ಪರಿಶೀಲನೆಗೆ ನಾಲ್ವರು ಬಂದರು. ಅವರ ಹಿಂದೆಯೇ ಬಾಗಿಲಲ್ಲಿ ಅಕ್ಕ ನಿಂತಿದ್ದರು, ಒಗೆದ ಸೀರೆಯುಟ್ಟು. ಹಣೆ ಬರಿದಾಗಿತ್ತು.

ಬಂದವರಲ್ಲಿ ಹಿರಿಯರು ವಾಯುಪಡೆಯಿಂದ ನಿವೃತ್ತರಾದವರು. ಗೆರೆ ತೋರಿಸಿ ಏನಿದು ಎಂದು ಕೇಳಿದರು. ವಿಭೂತಿ ಎಂದೆ, ನೋಡದೆ ಸಹಿ ಹಾಕಿದವಳು ನಾನೆಂದೂ ಹೇಳಿದೆ. ಅಷ್ಟರಲ್ಲಿ ಅಕ್ಕ ಮುಂದೆ ಬಂದು, "ಮೈಚ್ ಲಗಾಯೀ ಸಾಬ್, ಇನ್ಕೂ ಕುಛ್ ಮತ್ ಬೋಲೋ" ಎಂದರು. ಹಚ್ಚಿದ್ದು ನಾನು, ಇವರಿಗೇನೂ ಅನ್ನಬೇಡಿ ಎಂದು, ಅಷ್ಟೆಲ್ಲ ಬೈದ ನನ್ನ ಪರವಾಗಿ.

ಹಿರಿಯರು ನಗಲಿಲ್ಲ. ಟೈಲಿನ ಬೆನ್ನ ಕಡೆ ಬಿಸಿ ಎಷ್ಟಾಗಿತ್ತು ಎಂದು ಕೇಳಿದರು. ಪುಸ್ತಕ ತೋರಿಸಿದೆ. ಗೆರೆಗಳ ಕೆಳಗೂ ಮಿತಿಯೊಳಗೇ ಇತ್ತು. ಅವರು ಬೆರಳಿನಿಂದ ಗೆರೆ ಸವರಿ, ರನ್‌ವೇಯಲ್ಲಿ ಧೂಳಿರುತ್ತದೆ, ಹಕ್ಕಿಯ ಹಿಕ್ಕೆ ಇರುತ್ತದೆ, ಮೆಕ್ಯಾನಿಕ್ಕನ ಬೆವರು ಕೈ ಇರುತ್ತದೆ ಎಂದರು. ಎಲ್ಲರೂ ತೊಳೆದಿಟ್ಟ ಟೈಲನ್ನೇ ತೋರಿಸುತ್ತಾರೆ, ಕೊಳೆಯಾಗಿಯೂ ಬದುಕಿ ಬಂದದ್ದನ್ನು ನೋಡಿದ್ದು ಇದೇ ಮೊದಲು ಎಂದರು.

ತಿಂಗಳ ಮೇಲೆ ಮುಂದಿನ ಹಂತಕ್ಕೆ ಒಪ್ಪಿಗೆ ಬಂತು, ಒಂದು ಷರತ್ತಿನ ಜೊತೆ: ಇನ್ನು ಮೇಲೆ ಟೈಲನ್ನು ಬೇಕೆಂದೇ ಕೊಳೆ ಮಾಡಿಯೂ ಸುಡಬೇಕು. ಧೂಳು, ಉಪ್ಪು, ಬೂದಿ. ನೌಕೆ ಹಾರಲು ಇನ್ನೂ ವರ್ಷಗಳು ಬೇಕು, ಆದರೆ ಹಾರುತ್ತದೆ ಎಂದು ನಾನು ನಂಬಿದ್ದು ಆ ದಿನದಿಂದ. ಖುಷಿಯಿಂದ ಓಡಿ ಹೋಗಿ, "ಅಕ್ಕಾ, ಈಗ ನೀವೇ ವಿಭೂತಿ ಹಚ್ಚಿಕೊಡಿ" ಎಂದೆ.

"ಛೇ, ಕೆಡಸಾಕ ವಿಭೂತಿ ಹಚ್ಚಂಗಿಲ್ರಿ" ಎಂದರು ಅಕ್ಕ, ನನಗೆ ಬುದ್ಧಿ ಹೇಳುವ ದನಿಯಲ್ಲಿ. "ಬೇಕಾದ್ರ ಒಲಿ ಬೂದಿ ತರತೀನಿ."

ಒಲೆಯ ಬೂದಿ ಬಳಿದ ಮೊದಲ ಟೈಲುಗಳನ್ನು ದೊಡ್ಡ ಪರೀಕ್ಷೆಗೆ ಬೇರೆ ಊರಿಗೆ ಒಯ್ಯಬೇಕಿತ್ತು. ಸಿಕಂದರಾಬಾದಿನಲ್ಲಿ ರೈಲು ಹಿಡಿಯಲು ಹೊರಟವಳನ್ನು ಅಕ್ಕ ಶೆಡ್ಡಿನ ಬಾಗಿಲಲ್ಲಿ ತಡೆದರು. ಅವರ ಹಣೆಯ ಮೇಲೆ ಮೂರು ಗೆರೆ ಮರಳಿ ಬಂದಿದ್ದವು.

"ಫರ್ಸಿಗೆ ಬ್ಯಾಡ. ನಿಮಗ ಹಚ್ಚಲೇನ್ರಿ?"

ನಾನು ತಲೆ ಬಗ್ಗಿಸಿದೆ. ಮೂರು ಬೆರಳು ಹಣೆಯ ಮೇಲೆ ತಣ್ಣಗೆ ಹರಿದವು. ಹೋಗಿ ಬರ್ತೀನಿ ಅಕ್ಕ ಎಂದೆ.

"ಹೋಗಿ ಬರ್ರಿ" ಎಂದು ಅಕ್ಕ ಟೈಲಿನ ಪೆಟ್ಟಿಗೆಯನ್ನು ನನ್ನ ಕೈಗೆ ಕೊಟ್ಟರು. "ಮತ್ತ, ಈ ಸಲ ಮುಚ್ಚಳ ತಗದು ನೋಡಿ ಸಹಿ ಮಾಡ್ರಿ."